ಒಂದು ತುತ್ತು ಇಳಿಯುವುದೆಂದರೆ

ದೆಹಲಿಯ ಏಮ್ಸ್‌ ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕುಟುಂಬಗಳು ಚಾಪೆ ಹಾಸಿಕೊಂಡು ದಿನ ದೂಡುತ್ತವೆ. ಅವರಲ್ಲಿ ಅನ್ನನಾಳದ ಕ್ಯಾನ್ಸರ್ ಇದ್ದವರಿಗೆ ಅದು ಮೊದಲು ಗೊತ್ತಾಗುವುದು ಊಟದಲ್ಲಿ. ಒಣ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಳೆಯಲ್ಲಿ ನೆನೆಸಿ ತಿಂದು ನೋಡುತ್ತಾರೆ. ಆಮೇಲೆ ಕಿಚಡಿ, ಆಮೇಲೆ ಬರೀ ಬೇಳೆಕಟ್ಟು. ಕೊನೆಗೆ ತನ್ನ ಬಾಯಿಯ ಎಂಜಲೂ ಇಳಿಯದೆ, ರೋಗಿ ಲೋಟವೊಂದನ್ನು ಹಿಡಿದು ಉಗುಳುತ್ತ ಕೂರುತ್ತಾನೆ. ವೈದ್ಯರು ನುಂಗುವ ಕಷ್ಟವನ್ನು 0ಯಿಂದ 4ರವರೆಗೆ ಅಳೆಯುತ್ತಾರೆ, ಇದು 4.

ಆಗ ಎಂಡೋಸ್ಕೋಪಿ ಮೂಲಕ ಸ್ಟೆಂಟ್ ಇಳಿಸುತ್ತಾರೆ. ಆ ಲೋಹದ ಬಲೆಯ ಕೊಳವೆ ಒಳಗೆ ತಾನೇ ಅರಳಿ ದಾರಿ ಬಿಡಿಸುತ್ತದೆ. ಒಂದೆರಡು ದಿನದಲ್ಲಿ ಮೆತ್ತನೆಯ ಊಟ ಇಳಿಯುತ್ತದೆ. ಇನ್ನೊಂದು ದಾರಿಯಾದ, ಒಳಗಿನಿಂದಲೇ ಕೊಡುವ ವಿಕಿರಣ ಚಿಕಿತ್ಸೆಯ ಫಲ ನಿಧಾನ, ಬಾಳಿಕೆ ಹೆಚ್ಚು. ಎರಡರಿಂದಲೂ ರೋಗ ಗುಣವಾಗದು.

ಗುಣವಾಗದ ಮೇಲೆ ಇದೆಲ್ಲ ಯಾಕೆ? ನಾವು ದಿನಕ್ಕೆ ನೂರಾರು ಸಲ ಅರಿವಿಲ್ಲದೆ ಎಂಜಲು ನುಂಗುತ್ತೇವೆ. ಅದು ಸಾಧ್ಯವಾದರೆ ಸಾಕು, ಲೋಟ ಕೆಳಗಿಟ್ಟು ನಾಲ್ಕು ಜನರ ನಡುವೆ ಸಂಕೋಚವಿಲ್ಲದೆ ಕೂರಬಹುದು. ಬದುಕು ಉದ್ದವಾಗದಿದ್ದರೂ ಮನುಷ್ಯ ಪಂಕ್ತಿಗೆ ಮರಳುತ್ತಾನೆ. ಇದನ್ನು ಸಣ್ಣ ಲಾಭವೆನ್ನುವವರು ಆ ಲೋಟ ಹಿಡಿದವರಲ್ಲ.

ಊಟಕ್ಕೆ ಮೊದಲು ಪ್ರಾಣಾಹುತಿ ಮಾಡುವವರು ಐದು ಪುಟ್ಟ ತುತ್ತುಗಳನ್ನು ಅಗಿಯದೆ ನುಂಗುತ್ತಾರೆ, ಪಂಚಪ್ರಾಣಗಳಿಗೆ ಒಂದೊಂದು. ನುಂಗುವುದು ಒಳಗಿರುವ ಪ್ರಾಣಕ್ಕೆ ಸಲ್ಲಿಸುವ ಆಹುತಿ ಎಂಬ ಭಾವ ಅದು. ಆದರೆ ಪ್ರಾಣವೇ ಬೇಡವೆಂದಾಗ? ಕೊನೆಯ ದಿನಗಳಲ್ಲಿ ದೇಹ ಅನ್ನ ಕೇಳುವುದಿಲ್ಲ. ಬಲವಂತದ ಚಮಚ ಶ್ವಾಸಕೋಶಕ್ಕೆ ಹೋಗಬಹುದು. ಮನೆಯವರಿಗೋ, ಉಪವಾಸ ಕೆಡವಿದೆವೆಂಬ ಪಾಪಭೀತಿ. ಹರ್ಮಲಾ ಗುಪ್ತ 1996ರಲ್ಲಿ ಕಟ್ಟಿದ ಕ್ಯಾನ್‌ಸಪೋರ್ಟ್‌ನಂಥ ಸಂಸ್ಥೆಗಳ ವೈದ್ಯರು, ದಾದಿಯರು ದೆಹಲಿ ಸುತ್ತಿನ ಮನೆಗಳಿಗೇ ಹೋಗಿ ಆರೈಕೆ ಮಾಡುತ್ತಾರೆ. ಇಂಥ ಆರೈಕೆಯಲ್ಲಿ ಒದ್ದೆ ಬಟ್ಟೆಯಿಂದ ತುಟಿ ತೇವ ಮಾಡುವುದೂ ಚಿಕಿತ್ಸೆಯೇ.

ಗಂಟಲಿನ ಕ್ಯಾನ್ಸರಿನಿಂದ 1886ರಲ್ಲಿ ತೀರಿಕೊಂಡ ರಾಮಕೃಷ್ಣ ಪರಮಹಂಸರಿಗೂ ಅನ್ನ ಇಳಿಯುತ್ತಿರಲಿಲ್ಲ. ತಾಯಿ ಕಾಳಿಯಲ್ಲಿ ಬೇಡಿಕೊಳ್ಳಿರೆಂದು ಶಿಷ್ಯ ನರೇಂದ್ರ ಒತ್ತಾಯಿಸಿದ. ಇಷ್ಟೊಂದು ಬಾಯಿಗಳಿಂದ ನೀನೇ ಉಣ್ಣುತ್ತಿಲ್ಲವೇ ಎಂದು ಆಕೆ ಭಕ್ತರನ್ನು ತೋರಿಸಿದಳಂತೆ. ಅದು ಅವರ ಅನುಭವ. ಎಲ್ಲ ರೋಗಿಗಳಿಗೂ ಉಪದೇಶಿಸುವಂಥದ್ದಲ್ಲ. ಹಸಿದವನಿಗೆ ವೇದಾಂತ ಹೇಳುವುದು ಕ್ರೌರ್ಯ, ಹಸಿವಿಲ್ಲದವನಿಗೆ ತುರುಕುವುದೂ ಕ್ರೌರ್ಯ. ಉಣ್ಣಬಯಸುವವನಿಗೆ ದಾರಿ ಬಿಡಿಸುವ ಸ್ಟೆಂಟ್, ಒಲ್ಲೆನೆಂದವನ ಎದುರು ಕೆಳಗಿಳಿಯುವ ಚಮಚ, ಎರಡೂ ಒಂದೇ ಕರುಣೆಯ ಕೆಲಸ. ಯಾವುದು ಯಾವಾಗ ಎಂಬುದನ್ನು ರೋಗಿಯನ್ನೇ ಕೇಳಬೇಕು. ಕೇಳದೆ ಬಡಿಸುವುದು ನಮ್ಮ ಸಮಾಧಾನಕ್ಕಷ್ಟೇ.