ಕಲ್ಲಿನ ಬರಹವೂ ಕಾಗದದ ಚೂರೂ

ಶಿಕಾರಿಪುರ, ಸೊರಬ ಸೀಮೆಗಳಲ್ಲಿ ಪೂರ್ವಕಾಲದ ಮಾತು ಕಲ್ಲಿನಲ್ಲಿ ನಿಂತಿದೆ. ತಾಳಗುಂದದ ಕಂಬವು ಕದಂಬರ ವಂಶವನ್ನು ಕೊಂಡಾಡುತ್ತದೆ. ಬಳ್ಳಿಗಾವೆಯ 1162ರ ಶಾಸನವು ಕೋಡಿಯಮಠದ ವಿದ್ಯೆಯನ್ನೂ ಅನ್ನದಾನವನ್ನೂ ವರ್ಣಿಸುತ್ತದೆ. ಊರೂರಿನ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ತೋಳೊಂದು ಮೇಲೆದ್ದಿದೆ. ಇವೆಲ್ಲವೂ ಲೋಕವು ನೋಡಲೆಂದೇ ನಿಲ್ಲಿಸಿದವು. ನೋಡಲೆಂದು ಬರೆದುದನ್ನು ಮಾತ್ರ ಓದಿ ಜನರ ಬಾಳನ್ನು ನಿರ್ಣಯಿಸುವುದು ನ್ಯಾಯವೇ?

ಯೆಹೂದ್ಯರ ಇತಿಹಾಸವನ್ನು ಶೋಧಿಸಿದ ಪಂಡಿತರಿಗೆ ಬೇರೊಂದು ಬಗೆಯ ಸಾಮಗ್ರಿಯೂ ದೊರೆಯಿತು. ದೇವರ ನಾಮವುಳ್ಳ ಬರಹವನ್ನು ನಾಶಮಾಡಬಾರದೆಂಬುದು ಆ ಜನರ ಶ್ರದ್ಧೆ. ಅದರಿಂದ ಹಳೆಯ ಕೈರೋವಿನ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಸವೆದ ಕಾಗದಗಳು ಶತಮಾನಗಳ ಕಾಲ ರಾಶಿಬಿದ್ದುವು. ಗೆನೀಜಾ ಎಂಬ ಆ ಸಂಗ್ರಹದ ಬಹುಭಾಗವನ್ನು 1897ರಲ್ಲಿ ಸಾಲೊಮನ್ ಷೆಕ್ಟರರು ಕೇಂಬ್ರಿಜ್ಜಿಗೆ ಸಾಗಿಸಿದರು. ಮೊದಲು ವಿದ್ವಾಂಸರು ಹೆಚ್ಚಾಗಿ ಧರ್ಮಗ್ರಂಥಗಳನ್ನೇ ಅರಸಿದರು, ಮುಂದೆ ಎಸ್. ಡಿ. ಗಾಯ್ಟೈನರು ಲೆಕ್ಕದ ಚೀಟಿ, ವ್ಯಾಪಾರದ ಪತ್ರಗಳಿಂದಲೇ ಒಂದು ಸಮಾಜದ ಬಾಳನ್ನು ಕಂಡರು.

ಆ ಚೂರುಗಳಲ್ಲಿ ಮಂಗಳೂರೂ ಉಂಟು. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಹನ್ನೆರಡನೆಯ ಶತಮಾನದಲ್ಲಿ, ಕೋಡಿಯಮಠವು ಬಾಳುತ್ತಿದ್ದ ಆ ಕಾಲದಲ್ಲಿಯೇ, ಅಲ್ಲಿ ಹಲವು ವರ್ಷ ನೆಲೆಸಿದ್ದನು. 1132ರಲ್ಲಿ ಅವನು ಆಶು ಎಂಬ ದಾಸಿಗೆ ಬಿಡುಗಡೆಪತ್ರವನ್ನು ಕೊಟ್ಟನು. ಆಕೆಗೆ ಬೆರಾಖಾ ಎಂಬ ಹೊಸ ಹೆಸರಾಯಿತು. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಎಣಿಸುತ್ತಾರೆ. 1156ರಲ್ಲಿ ಮಗಳ ವಿವಾಹವು ಈಜಿಪ್ಟಿನಲ್ಲಿ, ತಂದೆಯ ಸೋದರನ ಮಗನೊಡನೆ, ನಡೆಯಿತು.

ಆಶು ಯೆಹೂದ್ಯಳೋ ತುಳುನಾಡಿನವಳೋ? ಕುಲವೆಂಬುದು ಹುಟ್ಟಿನಲ್ಲಿದೆಯೇ, ಆಚಾರದಲ್ಲಿದೆಯೇ, ಬರೆದ ಪತ್ರದಲ್ಲಿದೆಯೇ? ಶಾಸ್ತ್ರವು ಒಂದು ಉತ್ತರವನ್ನು ಹೇಳೀತು, ವಂಶಾವಳಿಯು ಇನ್ನೊಂದನ್ನು. ಆಕೆಯ ಮಾತು ಮಾತ್ರ ಎಲ್ಲಿಯೂ ಉಳಿದಿಲ್ಲ. ಒಡೆಯನ ಪತ್ರದಲ್ಲಿ ಆಕೆಗೆ ಸ್ವಾತಂತ್ರ್ಯವುಂಟು. ಆ ಸ್ವಾತಂತ್ರ್ಯವನ್ನು ಆಕೆ ಹೇಗೆ ಅನುಭವಿಸಿದಳೆಂಬುದು ಅದರಲ್ಲಿಲ್ಲ.

ಇಲ್ಲಿಯೇ ವಿದ್ವಾಂಸನ ಧರ್ಮವು ಪರೀಕ್ಷೆಗೆ ಒಳಗಾಗುತ್ತದೆ. ಆ ಮೌನವನ್ನು ಪ್ರೇಮಕಥೆಯಿಂದ ತುಂಬುವುದು ಸುಲಭ, ಕಣ್ಣೀರಿನಿಂದ ತುಂಬುವುದೂ ಸುಲಭ. ಎರಡೂ ಆಕೆಗೆ ಮತ್ತೊಮ್ಮೆ ಹೊಸ ಹೆಸರಿಟ್ಟಂತೆಯೇ ಸರಿ. ಹಾಗೆಂದು ಆಕೆಯನ್ನು ಮರೆತರೆ ಅದು ಇನ್ನೂ ದೊಡ್ಡ ಅನ್ಯಾಯ. ತಿಳಿದಷ್ಟನ್ನು ಹೇಳಿ, ತಿಳಿಯದ ಎಡೆಯನ್ನು ಬರಿದಾಗಿಯೇ ಬಿಟ್ಟು, ಅಲ್ಲಿ ಒಬ್ಬ ಮನುಷ್ಯಳು ಇದ್ದಳೆಂಬುದನ್ನು ನೆನೆಯುವುದೇ ನ್ಯಾಯದ ದಾರಿ.

ಸೊರಬದ ಹಾದಿಯಲ್ಲಿ ಮಾಸ್ತಿಕಲ್ಲಿಗೆ ಕೈಮುಗಿಯುವವರೂ ಒಂದು ಕ್ಷಣ ಇದನ್ನೇ ಯೋಚಿಸಬಹುದು. ಆ ತೋಳನ್ನು ಕಡೆದವನು ಶಿಲ್ಪಿ, ಕಲ್ಲನ್ನು ನಿಲ್ಲಿಸಿದವರು ಬಂಧುಗಳು. ಆಕೆಯನ್ನು ಕೇಳಿದವರು ಯಾರು?