🪷 *ಇಂದಿನ ಧಮ್ಮ ಚಿಂತನೆ: ಮುಟ್ಟಬಾರದ ಕಲ್ಲು* 🪷





ನಾನು ಚಿಕ್ಕವನಿದ್ದಾಗ ನಮ್ಮವ್ವ ಊರಿನ ಒಂದು ದೊಡ್ಡ ಮನೆಯ ಕೊಟ್ಟಿಗೆ ಗುಡಿಸಲು ಹೋಗುತ್ತಿದ್ದಳು. ಒಂದು ದಿನ ಆ ಮನೆಯ ಹಿತ್ತಲ ಕಟ್ಟೆಯ ಮೇಲೆ, ತೊಳೆದಿಟ್ಟ ಪೂಜೆ ಪಾತ್ರೆಗಳ ಜೊತೆ, ಒಂದು ಕರಿ ಕಲ್ಲು ಕಂಡಿತು. ಅದರಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿ. ನಾನು ಕೈ ಚಾಚಿದೆ. ಅವ್ವ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ಅದು ಸಾಲಿಗ್ರಾಮ ಕಣೋ, ನಾವು ಮುಟ್ಟಬಾರದು" ಎಂದಳು. ಅವಳ ಕೈ ನಡುಗುತ್ತಿತ್ತು.

*ಆ ಕಲ್ಲು ಏನು?*

ನೇಪಾಳದ ಕಾಳಿ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮಗಳಲ್ಲಿ ಕಾಣುವ ಆ ಚಕ್ರ ಅಮೋನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಆಕ್ಟೋಪಸ್ ಮತ್ತು ನಮ್ಮ ಕರಾವಳಿಯವರು ತಿನ್ನುವ ಬೊಂಡಾಸ್ ಇದರ ಬಂಧುಗಳು. ಚಿಪ್ಪಿನೊಳಗೆ ಸಾಲು ಸಾಲು ಕೋಣೆಗಳು. ಕೊನೆಯ ಕೋಣೆಯಲ್ಲಿ ಜೀವಿಯ ವಾಸ, ಹಿಂದಿನವು ನೀರಿನಲ್ಲಿ ತೇಲಲು. ಸುಮಾರು 40 ಕೋಟಿ ವರ್ಷಗಳ ಹಿಂದೆ ಹುಟ್ಟಿದ ಈ ಕುಲ, 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದ ಕಾಲದಲ್ಲೇ ಅಳಿಯಿತು.

ಸಮುದ್ರಜೀವಿ ಹಿಮಾಲಯಕ್ಕೆ ಹೇಗೆ ಬಂತು? ಅದು ಬರಲಿಲ್ಲ. ಅದು ಬದುಕಿದ್ದ ಸಮುದ್ರದ ತಳವೇ ಮೇಲೆದ್ದು ಪರ್ವತವಾಯಿತು. ಅನಿಚ್ಚ, ಅಂದರೆ ಎಲ್ಲವೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಪಟಿಚ್ಚ ಸಮುಪ್ಪಾದವನ್ನೂ ಇಲ್ಲಿ ಕಾಣಬಹುದು. ಸತ್ತ ಚಿಪ್ಪು ಕೆಸರಿಗೆ ಬೀಳಬೇಕು, ಚೂರಾಗುವ ಮೊದಲೇ ಹೂತುಹೋಗಬೇಕು, ಕೆಸರು ಒತ್ತಡದಲ್ಲಿ ಕಲ್ಲಾಗಬೇಕು. ಒಂದು ಕಾರಣ ತಪ್ಪಿದರೂ ಈ ಕಲ್ಲು ಇಲ್ಲ. ಇದರಲ್ಲಿ ಯಾರ ವರವೂ ಇಲ್ಲ, ಶಾಪವೂ ಇಲ್ಲ.

*ಹೆಕ್ಕಿದವರು ಯಾರು?*

ಇಂಗ್ಲೆಂಡಿನ ವಿಟ್ಬಿಯಲ್ಲಿ, ಸಂತ ಹಿಲ್ಡಾ ಹಾವುಗಳನ್ನು ಕಲ್ಲಾಗಿಸಿದಳು, ಅವೇ ಈ ಸುರುಳಿಗಳು ಎಂದು ಜನ ನಂಬಿದ್ದರು. ಅಲ್ಲಿನ ವ್ಯಾಪಾರಿಗಳು ಅಮೋನೈಟ್‌ಗೆ ಹಾವಿನ ತಲೆ ಕೆತ್ತಿ ಮಾರಿದರು! ಕಲ್ಲಿಗೆ ಕಥೆ ಕಟ್ಟುವುದು ಒಂದೇ ದೇಶದ ರೋಗವಲ್ಲ.

ಅದೇ ದೇಶದ ಲೈಮ್ ರೀಜಿಸ್‌ನಲ್ಲಿ 1799ರಲ್ಲಿ ಮೇರಿ ಆನಿಂಗ್ ಹುಟ್ಟಿದಳು. ತಂದೆ ಬಡಗಿ. 1810ರಲ್ಲಿ ಅವನು ಸಾಲ ಬಿಟ್ಟು ತೀರಿಕೊಂಡ. ಮಕ್ಕಳು ಕಡಲ ದಂಡೆಯಲ್ಲಿ ಅಮೋನೈಟ್ ಹೆಕ್ಕಿ ಪ್ರವಾಸಿಗರಿಗೆ ಮಾರಿದರು. ಚಳಿಗಾಲದ ಬಿರುಗಾಳಿಗೆ ಗುಡ್ಡ ಕುಸಿದಾಗಲೇ ಹೊಸ ಕಲ್ಲು ಸಿಗುತ್ತಿದ್ದವು, ಜೀವಕ್ಕೆ ಅಪಾಯವೂ ಆಗಲೇ. 1833ರ ಕುಸಿತದಲ್ಲಿ ಅವಳ ನಾಯಿ ಅವಳ ಕಾಲ ಬುಡದಲ್ಲೇ ಸತ್ತಿತು. ಶಾಲೆ ಕಂಡದ್ದು ಅಷ್ಟಕ್ಕಷ್ಟೆ. ಆದರೂ ವಿಜ್ಞಾನದ ಲೇಖನಗಳನ್ನು ಕೈಯಲ್ಲೇ ನಕಲು ಮಾಡಿಕೊಂಡು ಕಲಿತಳು. 1823ರಲ್ಲಿ ಪ್ಲೀಸಿಯೊಸಾರ್‌ನ ಪೂರ್ಣ ಅಸ್ಥಿಪಂಜರ ತೆಗೆದಳು. ಅವಳು ತೆಗೆದದ್ದರ ಬಗ್ಗೆ ಸಿರಿವಂತ ವಿದ್ವಾಂಸರು ಬರೆದರು, ಹಲವು ಸಲ ಅವಳ ಹೆಸರೇ ಇಲ್ಲ. ಲಂಡನ್ನಿನ ಭೂವಿಜ್ಞಾನ ಸಂಘ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ. ಮೇರಿ 1847ರಲ್ಲೇ ತೀರಿಕೊಂಡಿದ್ದಳು.

ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು. ಈ ಮಾತನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಮ್ಮಾರನ ಮಗ ವಿಲಿಯಂ ಸ್ಮಿತ್ ಕಾಲುವೆ ಅಗೆತದ ಸರ್ವೆ ಮಾಡುತ್ತ, ಒಂದೊಂದು ಶಿಲಾಪದರಕ್ಕೂ ಅದರದ್ದೇ ಪಳೆಯುಳಿಕೆಗಳಿವೆ ಎಂದು ಕಂಡುಕೊಂಡ. 1815ರಲ್ಲಿ ಅವನ ಭೂಪಟ ಹೊರಬಂತು. ಅಮೋನೈಟ್ ಜಾತಿಗಳು ಬೇಗ ಬೇಗ ಬದಲಾದವು, ಸಮುದ್ರಗಳ ತುಂಬ ಹರಡಿದ್ದವು. ಹಾಗಾಗಿ ದೂರದೂರದ ಎರಡು ಬಂಡೆಗಳಲ್ಲಿ ಒಂದೇ ಜಾತಿ ಸಿಕ್ಕರೆ ಅವೆರಡೂ ಒಂದೇ ಕಾಲದವು ಎಂದು ತಿಳಿಯಬಹುದು. ಅದಕ್ಕೇ ಹೆಕ್ಕುವವರು ಯಾವ ಜಾಗ, ಯಾವ ಪದರ ಎಂದು ಬರೆದಿಡಬೇಕು. ಬರೆಯದೆ ತಂದರೆ ಕಲ್ಲು ಬರುತ್ತದೆ, ಅದರ ಕಥೆ ಅಲ್ಲೇ ಉಳಿಯುತ್ತದೆ.

*ಬಂದು ನೋಡಿ*

ಪರಂಪರೆ ಹೇಳಿತೆಂದೋ ಗ್ರಂಥದಲ್ಲಿದೆಯೆಂದೋ ಒಪ್ಪಬೇಡಿ, ನೀವೇ ಪರೀಕ್ಷಿಸಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದರು. ಧಮ್ಮ 'ಏಹಿಪಸ್ಸಿಕೊ', ಬಂದು ನೋಡು ಎಂದು ಕರೆಯುವಂಥದ್ದು. ಮುಟ್ಟಬೇಡ, ಕೇಳಬೇಡ ಎನ್ನುವಲ್ಲಿ ಧಮ್ಮವೂ ಇಲ್ಲ, ವಿಜ್ಞಾನವೂ ಇಲ್ಲ. ಬಾಬಾಸಾಹೇಬರು ನಮಗೆ ಕೊಡಿಸಿದ್ದು ಈ ಕೇಳುವ ಹಕ್ಕನ್ನೇ.

ನನ್ನ ಮಗಳು ಈಗ ಭೂವಿಜ್ಞಾನ ಓದುತ್ತಿದ್ದಾಳೆ. ಕಾಲೇಜಿನವರ ಜೊತೆ ತಮಿಳುನಾಡಿನ ಅರಿಯಲೂರಿಗೆ ಹೋದಾಗ ಒಂದು ಮುರಿದ ಅಮೋನೈಟ್ ತಂದಳು. ಸಿಕ್ಕ ಜಾಗ, ಪದರ, ದಿನಾಂಕ ಬರೆದ ಚೀಟಿ ಅದರ ಜೊತೆಗಿತ್ತು. ಅದನ್ನು ಅವ್ವನ ಅಂಗೈ ಮೇಲಿಟ್ಟಳು. ಅವ್ವ ಮೊದಲು ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಸುರುಳಿಯ ಮೇಲೆ ಬೆರಳಾಡಿಸಿ, "ಇದು ಏನು ತಿಂತಿತ್ತವ್ವ?" ಎಂದು ಕೇಳಿದಳು.

ಎಂಬತ್ತು ದಾಟಿದ ಮೇಲೆ ನಮ್ಮವ್ವ ಕೇಳಿದ ಆ ಪ್ರಶ್ನೆಯೇ ನನಗೆ ಆ ದಿನದ ಧಮ್ಮೋಪದೇಶ.

*ಇಂದಿನ ಅಭ್ಯಾಸ:* ಕಲ್ಲನ್ನು ಪೂಜಿಸುವುದೂ ಬೇಡ, ಹಳಿಯುವುದೂ ಬೇಡ. ನಿಮ್ಮ ಮನೆಯ ಮಗು ಇಂದು "ಯಾಕೆ?" ಎಂದು ಕೇಳಿದರೆ ಗದರಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಜೊತೆಗೆ ಕೂತು ಹುಡುಕಿ.

ಭವತು ಸಬ್ಬ ಮಂಗಲಂ. 🪷
ಜೈ ಭೀಮ್! 💙