ಇನ್ನೊಂದು ಮಳೆಗಾಲ



ನಮ್ಮ ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಆಂಧ್ರದ ಗಡಿ ಕಡೆಯ ಊರು. ಮಾವಿಗೆ ಹೆಸರಾದ ಈ ತಾಲ್ಲೂಕಿನಲ್ಲಿ ನೀರಿಗೆ ಮಾತ್ರ ಬರ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ಕೊರೆದರೂ ಬರೀ ಧೂಳು ಹಾರಿದ ಕೊಳವೆ ಬಾವಿಗಳ ಕಥೆ ಎಲ್ಲರಿಗೂ ಗೊತ್ತು. ಹೀಗಿರುವಾಗ ಹಿತ್ತಲಿನ ಗಿಡಕ್ಕೆಂದು ಬೇರೆ ನೀರು ಎಲ್ಲಿಂದ ತರುವುದು? ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಅದೇ ಕನಕಾಂಬರಕ್ಕೆ, ನುಗ್ಗೆಗೆ, ಅವರೆ ಬಳ್ಳಿಗೆ. ನೀರನ್ನು ಮಿತವಾಗಿ ಬಳಸುವುದು, ಮರ ನೆಡುವುದು, ಇಂಥ ದಿನನಿತ್ಯದ ಸಣ್ಣ ಕೆಲಸಗಳಲ್ಲೇ ಸೃಷ್ಟಿಯ ಪಾಲನೆ ಇದೆಯೆಂದು ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೋ ಸೀ’ ವಿಶ್ವಪತ್ರದಲ್ಲಿ ನೆನಪಿಸಿದರು. ಬೆಳಿಗ್ಗೆ ಎದ್ದು ಹೊಸ ಮೊಗ್ಗು ಎಣಿಸುವ ಸಂತೋಷವಂತೂ ದುಡ್ಡಿಗೆ ಸಿಗುವಂಥದ್ದಲ್ಲ.

ನಮ್ಮ ಹಿತ್ತಲಿನಲ್ಲಿ ಒಂದು ಕರಿಬೇವಿನ ಸಸಿ ಇತ್ತು. ಎರಡು ವರ್ಷವಾದರೂ ಗೇಣುದ್ದ ದಾಟಲಿಲ್ಲ. “ಇದಕ್ಕೆ ಸುರಿದ ನೀರೂ ದಂಡ” ಎಂದು ಕೀಳಲು ಬಗ್ಗಿದೆ. ತಾಯಿ ತಡೆದರು. “ಇನ್ನೊಂದು ಮಳೆಗಾಲ ನೋಡೋಣ” ಎಂದರು. ಬುಡ ಸಡಿಲಿಸಿ, ಒಂದು ಮಂಕರಿ ಕೊಟ್ಟಿಗೆ ಗೊಬ್ಬರ ಹಾಕಿ, ಆಗಾಗ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಹೊಯ್ದರು. ಮುಂಗಾರು ಕಳೆಯುವಷ್ಟರಲ್ಲಿ ಎರಡು ಎಳೆ ಚಿಗುರು ಒಡೆದವು. ಇಂದು ಅಕ್ಕಪಕ್ಕದ ಮನೆಗಳ ಒಗ್ಗರಣೆಗೂ ಅದರದ್ದೇ ಎಲೆ. ಕರಿಬೇವು ಮೊದಮೊದಲು ನಿಧಾನವಾಗಿಯೇ ಬೆಳೆಯುವ ಗಿಡವೆಂದು ನನಗೆ ತಿಳಿದದ್ದು ಆಮೇಲೆ.

ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಪ್ರಭು ಯೇಸು ಒಂದು ಸಾಮತಿ ಹೇಳುತ್ತಾರೆ. ಮೂರು ವರ್ಷದಿಂದ ಹಣ್ಣು ಬಿಡದ ಅಂಜೂರದ ಮರವನ್ನು ಕಡಿದುಹಾಕೆಂದು ಯಜಮಾನನ ಆಜ್ಞೆ. ತೋಟಗಾರ ಒಂದು ವರ್ಷದ ಗಡುವು ಬೇಡುತ್ತಾನೆ. ಗಮನಿಸಿ, ಅವನು ಕೈಕಟ್ಟಿ ಕೂರುವವನಲ್ಲ. ಸುತ್ತ ಅಗೆದು ಗೊಬ್ಬರ ಹಾಕುವ ಹೊಣೆ ಹೊರುತ್ತಾನೆ. ಮರ ಕೊನೆಗೆ ಹಣ್ಣು ಬಿಟ್ಟಿತೇ? ಪ್ರಭು ಹೇಳಲಿಲ್ಲ. ಆ ಉತ್ತರವನ್ನು ನಮಗೇ ಬಿಟ್ಟಿದ್ದಾರೆ.

ಅದೇ ವರ್ಷ ನನ್ನ ಮಗ ಎಸ್.ಎಸ್.ಎಲ್.ಸಿ. ಗಣಿತದಲ್ಲಿ ನಪಾಸಾದ. “ಇವನಿಗೆ ಕಟ್ಟಿದ ಫೀಸೂ ದಂಡ” ಎಂದುಬಿಟ್ಟೆ. ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ತಾಯಿ ನನ್ನನ್ನು ಬೈಯಲಿಲ್ಲ. “ಮಗೂನ ಬುಡವನ್ನೂ ಒಂದಿಷ್ಟು ಸಡಿಲಿಸಪ್ಪ” ಎಂದರು, ಅಷ್ಟೇ. ಗಿಡಕ್ಕೆ ಅಂದ ಮಾತನ್ನೇ ಮಗನಿಗೂ ಅಂದಿದ್ದೆನೆಂದು ಆಗ ಅರಿವಾಯಿತು. ಅಂದಿನಿಂದ ರಾತ್ರಿ ಜಪಸರ ಮುಗಿದ ಮೇಲೆ ಅವನ ಪಕ್ಕದಲ್ಲಿ ಕೂರತೊಡಗಿದೆ. ನನಗೆ ಬಾರದ ಲೆಕ್ಕಗಳೇ ಹೆಚ್ಚು. ಆದರೆ ಅವನು ಮತ್ತೆ ನನ್ನೊಡನೆ ಮಾತನಾಡತೊಡಗಿದ. ನಾನು ಕಂಡ ಮೊದಲ ಚಿಗುರು ಅದು.

ಪ್ರಿಯರೇ, ಕುಡಿತ ಬಿಡಲು ಒದ್ದಾಡುವ ಅಣ್ಣ, ಹೊಸ ಮನೆಗೆ ಇನ್ನೂ ಒಗ್ಗಿಕೊಳ್ಳುತ್ತಿರುವ ಸೊಸೆ, ಕೆಲಸ ಸಿಗದೆ ಕುಗ್ಗಿದ ತಮ್ಮ, ಇಂಥವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಕೀಳಲು ಬಗ್ಗಿದ ಕೈ ಒಮ್ಮೆ ತಡೆಯಲಿ. ಬರೀ ತಡೆದರೆ ಸಾಲದು, ಬುಡಕ್ಕೆ ಗೊಬ್ಬರವನ್ನೂ ಹಾಕಲಿ.

ಈ ವಾರ ಸೊಪ್ಪು ತೊಳೆದ ನೀರನ್ನು ಚೆಲ್ಲದೆ ಒಂದು ಗಿಡಕ್ಕೆ ಹಾಕಿ. ಹಾಕುವಾಗ, ನಿಮ್ಮ ತಾಳ್ಮೆ ಯಾರ ವಿಷಯದಲ್ಲಿ ತೀರಿದೆಯೋ ಅವರ ಹೆಸರೆತ್ತಿ ಪ್ರಾರ್ಥಿಸಿ. ನಮ್ಮ ಬರಡು ವರ್ಷಗಳನ್ನೂ ಸಹಿಸಿ, ನಮಗೆ ಇನ್ನೊಂದು ಮಳೆಗಾಲ ಕೊಟ್ಟ ಪರಮಪಿತನಿಗೆ ಸ್ತೋತ್ರ. ಆಮೆನ್.